ಹಳೆ ಪಿಕಪ್‌ಗೆ ಬೇರೆ ಎಂಜಿನ್: ಗೇರ್‌ಬಾಕ್ಸ್‌ನಿಂದ ಹಿಂದಿನ ಹೌಸಿಂಗ್‌ವರೆಗಿನ ಕೆಲಸ

ಎಂಜಿನ್ ಬದಲಾಯಿಸುವ ವಿಡಿಯೊಗಳಲ್ಲಿ ಎಲ್ಲರೂ ಎಂಜಿನ್ನನ್ನೇ ತೋರಿಸುತ್ತಾರೆ. ಆದರೆ ಗಾಡಿ ನಡುಗದೆ ಓಡಬೇಕಾದರೆ ಅದರ ಹಿಂದಿನ ಭಾಗ ಸರಿ ಕೂರಬೇಕು. ಅಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದೇ ಮುಖ್ಯ. ಉದಾಹರಣೆಗೆ 1967ರಿಂದ 1972ರವರೆಗೆ ಅಮೆರಿಕದಲ್ಲಿ ಬಂದ ಶೆವ್ರೊಲೆ ಸಿ10 ಪಿಕಪ್ ತೆಗೆದುಕೊಳ್ಳೋಣ. ಹಳೆ ಎಂಜಿನ್ ಇಳಿಸಿ, 1999ರಿಂದ ಜಿಎಂ (ಶೆವ್ರೊಲೆಯ ಮಾತೃ ಕಂಪನಿ ಜನರಲ್ ಮೋಟರ್ಸ್) ಪಿಕಪ್‌ಗಳಲ್ಲಿ ಬಂದ, ಎಲ್‌ಎಸ್ ಎಂಬ ವಿ8 ಕುಟುಂಬದ 5.3 ಲೀಟರ್ ಎಂಜಿನ್ ಕೂರಿಸುವುದು ಅಲ್ಲಿ ತುಂಬ ಸಾಮಾನ್ಯ.

ಮೊದಲು ಗೇರ್‌ಬಾಕ್ಸ್. ಹಳೆ ಟಿಎಚ್350 ಆಟೊಮ್ಯಾಟಿಕ್ ಅನ್ನೇ ಉಳಿಸಿಕೊಂಡರೆ ಹೊಸ ಎಂಜಿನ್‌ಗೆ ಅದರ ಬೋಲ್ಟುಗಳು ಬಹುತೇಕ ಹೊಂದುತ್ತವೆ. ಆದರೆ ಎಲ್‌ಎಸ್‌ನಲ್ಲಿ ಕ್ರ್ಯಾಂಕ್‌ನ (ಎಂಜಿನ್ನಿನ ತಿರುಗುವ ಮುಖ್ಯ ದಂಡ) ಹಿಂದಿನ ಮುಖ ಹಳೆಯದಕ್ಕಿಂತ 0.4 ಇಂಚು, ಅಂದರೆ ಸುಮಾರು 10 ಮಿ.ಮೀ. ಒಳಗಿದೆ. ಅದಕ್ಕೆ ಸ್ಪೇಸರ್, ಹೊಂದುವ ಫ್ಲೆಕ್ಸ್‌ಪ್ಲೇಟ್ (ಕ್ರ್ಯಾಂಕ್‌ನ ಹಿಂದೆ ಕೂರುವ ತೆಳು ತಟ್ಟೆ) ಎರಡೂ ಬೇಕು. ಎಂಜಿನ್ ಜೊತೆಗೇ ಬಂದ 4ಎಲ್60ಇ ಆಟೊಮ್ಯಾಟಿಕ್ ಹಾಕಿದರೆ ಈ ತಲೆನೋವಿಲ್ಲ. ಆದರೆ ಅದು ಟಿಎಚ್350ಗಿಂತ ಸುಮಾರು 3 ಇಂಚು ಉದ್ದ. ಗೇರ್‌ಬಾಕ್ಸ್ ಹೊರುವ ಅಡ್ಡಪಟ್ಟಿ, ಅಂದರೆ ಕ್ರಾಸ್‌ಮೆಂಬರ್ ಹಿಂದಕ್ಕೆ ಹೋಗಬೇಕು; ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡ ಆಗಬೇಕು.

ಎಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಕೂರಿಸುವಾಗ ಅವಸರ ಬೇಡ. ಅದನ್ನು ತಿರುಗಿಸುತ್ತಾ ಒಳಗೆ ತಳ್ಳಿ, ಗೇರ್‌ಬಾಕ್ಸ್‌ನ ಎಣ್ಣೆ ಪಂಪ್‌ಗೆ ಪೂರ್ತಿ ಕಚ್ಚಿಕೊಳ್ಳುವವರೆಗೆ ಬಿಡಬೇಡಿ. ಆಮೇಲೆ ಗೇರ್‌ಬಾಕ್ಸನ್ನು ಎಂಜಿನ್‌ಗೆ ಸೇರಿಸಿ. ಈಗ ಕನ್ವರ್ಟರ್ ಕೈಯಲ್ಲೇ ಸಲೀಸಾಗಿ ತಿರುಗಬೇಕು. ಫ್ಲೆಕ್ಸ್‌ಪ್ಲೇಟ್ ಮುಟ್ಟಲು ಅದನ್ನು ಮುಂದಕ್ಕೆ ಎಳೆಯಬೇಕಾದ ದೂರ ಸುಮಾರು 1.5ರಿಂದ 5 ಮಿ.ಮೀ. ಒಳಗಿರಬೇಕು. ಸಂದಿಯೇ ಇಲ್ಲದಿದ್ದರೆ, ಬೋಲ್ಟ್ ಬಿಗಿ ಮಾಡಿಯೇ ಗೇರ್‌ಬಾಕ್ಸ್ ಎಳೆದುಕೊಳ್ಳೋಣ ಅಂತ ಹೊರಡಬೇಡಿ. ಎಂಜಿನ್ ಸ್ಟಾರ್ಟ್ ಆಗುವ ಮೊದಲೇ ಪಂಪ್ ಒಡೆದಿರುತ್ತದೆ.

ಇನ್ನು ಕೋನಗಳು. ನನ್ನ ಪ್ರಕಾರ ಇಡೀ ಕೆಲಸದ ಜೀವಾಳ ಇದೇ. ಶಾಫ್ಟ್‌ನ ಎರಡು ತುದಿಯಲ್ಲೂ ಯುಜೆ ಕ್ರಾಸ್ (ಯುನಿವರ್ಸಲ್ ಜಾಯಿಂಟ್, ಬಾಗಿಕೊಂಡೇ ತಿರುಗಬಲ್ಲ ಕೀಲು) ಇರುತ್ತದೆ. ಅದು ಬಾಗಿದ ಕೋನದಲ್ಲಿ ತಿರುಗುವಾಗ ಅದರ ಆಚೆಗಿನ ಶಾಫ್ಟ್ ಒಂದೇ ಸಮ ವೇಗದಲ್ಲಿ ತಿರುಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಎರಡು ಸಲ ವೇಗ ಜಾಸ್ತಿಯಾಗಿ, ಎರಡು ಸಲ ಕಡಿಮೆಯಾಗುತ್ತದೆ. 3 ಡಿಗ್ರಿ ಕೋನದಲ್ಲಿ ಈ ಏರಿಳಿತ ಶೇ 0.14 ಮಾತ್ರ. 10 ಡಿಗ್ರಿಗೆ ಬಂದರೆ ಸುಮಾರು ಶೇ 1.5. ಕೋನ ಮೂರು ಪಟ್ಟು ಚಿಲ್ಲರೆ ಆದರೆ ಏರಿಳಿತ ಹತ್ತು ಪಟ್ಟಿಗೂ ಜಾಸ್ತಿ. ಹಿಂದಿನ ಕ್ರಾಸ್ ಕೂಡ ಅಷ್ಟೇ ಕೋನದಲ್ಲಿದ್ದರೆ ಮುಂದಿನದು ಮಾಡಿದ ಏರಿಳಿತವನ್ನು ಅದು ಸರಿದೂಗಿಸುತ್ತದೆ. ಹಾಗಾಗಬೇಕಾದರೆ ಶಾಫ್ಟ್‌ನ ಎರಡು ತುದಿಯ ಯೋಕ್‌ಗಳೂ (ಕ್ರಾಸ್ ಹಿಡಿಯುವ ಕವಲುಗಳು) ಒಂದೇ ನೇರದಲ್ಲಿರಬೇಕು.

ಲೆಕ್ಕ ಹೀಗೆ. ಗೇರ್‌ಬಾಕ್ಸ್ ಹಿಂದಕ್ಕೆ 3 ಡಿಗ್ರಿ ಇಳಿಜಾರಾಗಿದೆ, ಶಾಫ್ಟ್ 5 ಡಿಗ್ರಿ ಇಳಿದಿದೆ ಅಂದುಕೊಳ್ಳಿ. ಮುಂದಿನ ಕ್ರಾಸ್‌ನ ಕೋನ 2 ಡಿಗ್ರಿ. ಈಗ ಪಿನಿಯನ್ (ಶಾಫ್ಟ್ ಬಂದು ಸೇರುವ ಹಿಂದಿನ ಆಕ್ಸಲ್‌ನ ಗೇರ್) ಮೂತಿ 3 ಡಿಗ್ರಿ ಮೇಲಕ್ಕಿದ್ದರೆ ಅಲ್ಲೂ 2 ಡಿಗ್ರಿ ಬರುತ್ತದೆ. ಗೇರ್‌ಬಾಕ್ಸ್ ಮತ್ತು ಪಿನಿಯನ್ ಒಂದಕ್ಕೊಂದು ಸಮಾನಾಂತರ, ಅಷ್ಟೆ. ಪ್ರತಿ ಕ್ರಾಸ್‌ಗೆ 1ರಿಂದ 3 ಡಿಗ್ರಿ ಒಳ್ಳೆಯದು. ಸೊನ್ನೆಯೂ ಬೇಡ; ಸೂಜಿ ಬೇರಿಂಗ್‌ಗಳು ಉರುಳದೆ ಒಂದೇ ಜಾಗದಲ್ಲಿ ಸವೆಯುತ್ತವೆ. ಲೀಫ್ ಸ್ಪ್ರಿಂಗ್ ಇದ್ದ ಗಾಡಿಗಳಲ್ಲಿ ಆಕ್ಸಿಲರೇಟರ್ ಒತ್ತಿದಾಗ ಪಿನಿಯನ್ ಮೂತಿ ಮೇಲಕ್ಕೇಳುತ್ತದೆ. ಅದಕ್ಕೆ ಒಂದೆರಡು ಡಿಗ್ರಿ ತಗ್ಗಿಸಿಯೇ ಕೂರಿಸುತ್ತಾರೆ.

ಇವೆಲ್ಲ ಅಳೆಯುವುದು ಗಾಡಿ ತನ್ನ ಟೈರ್ ಮೇಲೆ, ಪೂರ್ತಿ ಭಾರದಲ್ಲಿ ನಿಂತಾಗ ಮಾತ್ರ. ಜ್ಯಾಕ್ ಮೇಲೆ ಹಿಂದಿನ ಚಕ್ರ ಜೋತಾಡುತ್ತಿರುವಾಗ ಬರುವ ಅಂಕಿ ಯಾವ ಉಪಯೋಗಕ್ಕೂ ಬಾರದು. ಸ್ಪ್ರಿಂಗ್ ತಗ್ಗಿಸುವ ಯೋಚನೆ ಇದ್ದರೆ ಅದನ್ನು ಮೊದಲು ಮುಗಿಸಿ.

ಶಾಫ್ಟ್ ಕತ್ತರಿಸಲು ಕೊಡುವುದು ಕೊನೆಗೆ. ಗೇರ್‌ಬಾಕ್ಸ್‌ನೊಳಗೆ ಜಾರುವ ಮುಂದಿನ ಯೋಕನ್ನು, ಅಂದರೆ ಸ್ಲಿಪ್ ಯೋಕನ್ನು ಪೂರ್ತಿ ಒಳಗೆ ತಳ್ಳಿ, ಮುಕ್ಕಾಲರಿಂದ ಒಂದು ಇಂಚು ಹೊರಗೆಳೆಯಿರಿ. ಅಲ್ಲಿಂದ ಮುಂದಿನ ಕ್ರಾಸ್‌ನ ನಡುಬಿಂದುವಿನಿಂದ ಹಿಂದಿನದರ ನಡುಬಿಂದುವಿಗೆ ಅಳತೆ ಹಿಡಿಯಿರಿ. ಆ ಇಂಚನ್ನು ಯಾಕೆ ಬಿಡಬೇಕು ಅಂದರೆ, ಹೌಸಿಂಗ್ (ಹಿಂದಿನ ಆಕ್ಸಲ್‌ನ ಕವಚ) ಏರಿಳಿಯುವಾಗ ಶಾಫ್ಟ್‌ಗೆ ಹಿಂದೆ ಮುಂದೆ ಜಾಗ ಬೇಕು. ಟಿಎಚ್350, 4ಎಲ್60ಇ ಎರಡಕ್ಕೂ ಯೋಕ್ 27 ಸ್ಪ್ಲೈನ್ (ಒಳಗೆ ಕಚ್ಚಿಕೊಳ್ಳುವ ಹಲ್ಲು). ಇನ್ನೂ ಗಟ್ಟಿ ಗೇರ್‌ಬಾಕ್ಸ್ ಅಂತ 4ಎಲ್80ಇ ಹಾಕಿದರೆ ಅದಕ್ಕೆ 32. ಸಿ10ನಲ್ಲಿ ನಡುವೆ ಬೇರಿಂಗ್ ಇರುವ ಎರಡು ತುಂಡಿನ ಶಾಫ್ಟ್ ಇದ್ದರೆ, ಅದನ್ನು ತೆಗೆದು ಒಂದೇ ಉದ್ದ ಕೊಳವೆ ಹಾಕುವ ಮುನ್ನ ಶಾಫ್ಟ್ ಮಾಡುವವರನ್ನು ಕೇಳಿ. ಉದ್ದ ಹೆಚ್ಚಿದಷ್ಟೂ ಕಡಿಮೆ ವೇಗದಲ್ಲೇ ಅದು ಮಧ್ಯದಲ್ಲಿ ಬಿಲ್ಲಿನಂತೆ ಬಾಗಿ ತಿರುಗತೊಡಗುತ್ತದೆ.

ಹಿಂದಿನ ಅನುಪಾತಕ್ಕೂ, ಅಂದರೆ ಚಕ್ರ ಒಂದು ಸುತ್ತು ಬರಲು ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನುವುದಕ್ಕೂ ಒಂದು ಲೆಕ್ಕ ಮಾಡಿಕೊಳ್ಳಿ. 28 ಇಂಚಿನ ಟೈರ್, 3.73 ಹಿಂಬದಿ ಅನುಪಾತ, ಗಂಟೆಗೆ 65 ಮೈಲಿ. ಟಿಎಚ್350ರ ಕೊನೆಯ ಗೇರ್ 1.00, ಹಾಗಾಗಿ ಎಂಜಿನ್ ನಿಮಿಷಕ್ಕೆ ಸುಮಾರು 2,900 ಸುತ್ತು ತಿರುಗುತ್ತದೆ. 4ಎಲ್60ಇಯ ನಾಲ್ಕನೇ ಗೇರ್ 0.70, ಅದರಲ್ಲಿ 2,050ರ ಆಸುಪಾಸು ಸಾಕು. ಆದರೆ ಶಾಫ್ಟ್ ಎರಡರಲ್ಲೂ 2,900 ಸುತ್ತೇ ತಿರುಗುತ್ತದೆ, ಯಾಕಂದರೆ ಅದು ಗೇರ್‌ಬಾಕ್ಸ್‌ನ ಹಿಂದೆ ಇದೆ ಅಲ್ವಾ.

ಕೆಲಸ ಮುಗಿದ ಮೇಲೆ ನಡುಕ ಬಂದರೆ, ಶಾಫ್ಟ್ ಗಾಡಿಯ ವೇಗಕ್ಕೆ ತಕ್ಕಂತೆ ತಿರುಗುತ್ತದೆ ಅನ್ನುವ ಇದೇ ಮಾತು ದಾರಿ ತೋರಿಸುತ್ತದೆ. ನಡುಕ ಬರುವ ವೇಗದಲ್ಲಿ ನ್ಯೂಟ್ರಲ್‌ಗೆ ತಂದು ಗಾಡಿಯನ್ನು ಹಾಗೇ ಉರುಳಲು ಬಿಡಿ. ನಡುಕ ಹಾಗೇ ಉಳಿದರೆ ಎಂಜಿನ್, ಕನ್ವರ್ಟರ್ ಮೇಲೆ ಅನುಮಾನ ಬೇಡ. ಶಾಫ್ಟ್‌ನ ಬ್ಯಾಲೆನ್ಸ್, ಕೋನ, ಚಕ್ರಗಳನ್ನು ನೋಡಿ. ನಿಂತಲ್ಲಿಂದ ಹೊರಡುವಾಗ ಮಾತ್ರ ಗಡಗಡ ಅಂದರೆ ಮೊದಲು ಪಿನಿಯನ್ ಕೋನವನ್ನೇ ಇನ್ನೊಮ್ಮೆ ಅಳೆಯಿರಿ.