ಮೊಣಕೈ ಎತ್ತು ಅನ್ನುವ ಮೊದಲು

ನ್ಯೂಜೆರ್ಸಿಯಲ್ಲಿ ಏಪ್ರಿಲ್ ಬಂತೆಂದರೆ ಶನಿವಾರ ಬೆಳಗ್ಗೆ ನಾವೆಲ್ಲ ಬೇಸ್‌ಬಾಲ್‌ನಂಥದ್ದೇ ಆಟವಾದ ಸಾಫ್ಟ್‌ಬಾಲ್‌ನ ಮೈದಾನದಲ್ಲಿರುತ್ತೇವೆ. ಮಗಳಿಗೆ 11 ವರ್ಷ. ಅವಳು ಬ್ಯಾಟ್ ಹಿಡಿದು ನಿಂತರೆ ತಂತಿಬೇಲಿಯ ಈಚೆಯಿಂದ ಅಪ್ಪ ಅಮ್ಮಂದಿರ ಕೂಗು ಒಂದೇ: "ಮೊಣಕೈ ಎತ್ತು!" ನಾನೂ ಕೂಗಿದ್ದೇನೆ. ಶಿವಮೊಗ್ಗದ ಬೀದಿಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವನು ನಾನು. ಮುಂದಿನ ಮೊಣಕೈ ಮೇಲಿರಬೇಕು, ಬ್ಯಾಟ್ ನೆಟ್ಟಗೆ ಬರಬೇಕು ಅಂತ ಕಲಿತವನು. ಆದರೆ ಕ್ರಿಕೆಟ್‌ನ ನೇರ ಬ್ಯಾಟು ಗಡಿಯಾರದ ಲೋಲಕದ ಹಾಗೆ ಮೇಲಿಂದ ಕೆಳಗೆ ತೂಗಿ ಬರುತ್ತದೆ. ಸಾಫ್ಟ್‌ಬಾಲ್‌ನಲ್ಲಿ ಬ್ಯಾಟು ಮೈಯನ್ನು ಸುತ್ತಿಕೊಂಡು ಅಡ್ಡಕ್ಕೆ ಬರುತ್ತದೆ. ಅಲ್ಲಿನ ಪಾಠ ಇಲ್ಲಿಗೆ ಹೊಂದುವುದಿಲ್ಲ.

ಮಗಳು ಹೇಳಿದ ಹಾಗೇ ಕೇಳಿದಳು. ಬಲ ಮೊಣಕೈ, ಅಂದರೆ ಹಿಂದಿನದು, ಕಿವಿಯ ಮಟ್ಟಕ್ಕೆ ಏರಿತು. ಭುಜ ಬಿಗಿಯಾಯಿತು. ಚೆಂಡು ಬಂದಾಗ ಎರಡೂ ಕೈ ಚಾಚಿ ಬೀಸಿದಳು. ಚೆಂಡು ಹಿಡಿಯ ಹತ್ತಿರ ತಗುಲಿತು. ಬ್ಯಾಟ್ ಕೆಳಗೆ ಹಾಕಿ ಎರಡೂ ಅಂಗೈ ತೊಡೆಗೆ ಉಜ್ಜಿಕೊಂಡಳು.

ಆ ಜುಮ್ಮೆನ್ನುವ ನೋವಿಗೆ ಕಾರಣವಿದೆ. ಚೆಂಡು ತಗುಲಿದ ಬ್ಯಾಟು ಒಂದು ಕ್ಷಣ ಬಾಗಿ ನಡುಗುತ್ತದೆ. ತುದಿಯಿಂದ ಸುಮಾರು 15 ಸೆಂಟಿಮೀಟರ್ ಒಳಗೆ ಒಂದು ಜಾಗವಿದೆ, ಅಲ್ಲಿ ಬಡಿದರೆ ನಡುಕ ತೀರಾ ಕಡಿಮೆ. ಹಿಡಿಯ ಹತ್ತಿರ ಬಡಿದರೆ ನಡುಕವೆಲ್ಲ ಅಂಗೈಗೇ ಬರುತ್ತದೆ. ಚೆಂಡು ಅಲ್ಲಿಗೆ ಯಾಕೆ ಬಂತು? ಕೈ ಬೇಗ ಚಾಚಿಕೊಂಡಿತ್ತು, ಬ್ಯಾಟಿನ ದಪ್ಪ ಭಾಗ ಚೆಂಡಿನ ದಾರಿಯನ್ನು ದಾಟಿ ಆಚೆ ಹೋಗಿತ್ತು.

ಇದನ್ನು ಅರ್ಥ ಮಾಡಿಕೊಳ್ಳಲು ತುಂಬಿದ ಕೊಡ ಸಾಕು. ಕೊಡವನ್ನು ಸೊಂಟಕ್ಕೆ ಆನಿಸಿಕೊಂಡರೆ ಸರಕ್ಕನೆ ತಿರುಗಬಹುದು. ಅದೇ ಕೊಡವನ್ನು ತೋಳು ಚಾಚಿ ಹಿಡಿದು ತಿರುಗಿ ನೋಡಿ, ಮೈಯೇ ಹಿಂದೆ ಉಳಿಯುತ್ತದೆ. ತೂಕ ಅಷ್ಟೇ ಇದೆ, ಅಲ್ವಾ? ಆದರೆ ತಿರುಗುವ ವಸ್ತುವಿನ ಜಡತ್ವ ದೂರದ ವರ್ಗದಷ್ಟು ಏರುತ್ತದೆ. ದೂರ ಎರಡರಷ್ಟಾದರೆ ಜಡತ್ವ ನಾಲ್ಕರಷ್ಟು. ಬೆನ್ನುಮೂಳೆಯಿಂದ ಬ್ಯಾಟಿನ ತೂಕದ ಕೇಂದ್ರ 50 ಸೆಂಟಿಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ಕೈ ಚಾಚಿ ಅದನ್ನು 80 ಸೆಂಟಿಮೀಟರಿಗೆ ಒಯ್ದರೆ ಆ ಬ್ಯಾಟನ್ನು ತಿರುಗಿಸುವುದು ಎರಡೂವರೆ ಪಟ್ಟು ಕಷ್ಟ. ಮಗುವಿನ ಸೊಂಟ ಅಷ್ಟು ಶಕ್ತಿಯನ್ನು ಎಲ್ಲಿಂದ ತರಬೇಕು?

ಸಮಯವೂ ಇಲ್ಲ. ಅಮೆರಿಕದಲ್ಲಿ 12 ವರ್ಷದೊಳಗಿನವರಿಗೆ ಎಸೆಯುವವಳು ನಿಲ್ಲುವುದು 40 ಅಡಿ ದೂರದಲ್ಲಿ. ಚೆಂಡು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಬಂದರೆ 0.6 ಸೆಕೆಂಡಿನೊಳಗೆ ಮುಂದೆ ಇರುತ್ತದೆ. ನೋಡಬೇಕು, ಬೀಸಬೇಕೋ ಬೇಡವೋ ಅಂತ ತೀರ್ಮಾನಿಸಬೇಕು, ಬೀಸಬೇಕು. ಬ್ಯಾಟು ದೂರದ ದಾರಿ ಹಿಡಿದರೆ ತೀರ್ಮಾನವನ್ನು ಇನ್ನೂ ಮೊದಲೇ ಮಾಡಬೇಕಾಗುತ್ತದೆ.

ಹಾಗಾದರೆ ತೋಳು ಎಲ್ಲಿರಬೇಕು? ಬಲಗೈ ಆಟಗಾರ್ತಿಯನ್ನೇ ನೋಡೋಣ. ನಿಂತಾಗ ಬಲ ಮೊಣಕೈ ತುಸು ಮೇಲೋ ಕೆಳಗೋ ಇದ್ದರೆ ದೊಡ್ಡ ವ್ಯತ್ಯಾಸವಿಲ್ಲ, ಭುಜ ಸಡಿಲವಾಗಿದ್ದರೆ ಸಾಕು. ಮುಖ್ಯವಾದದ್ದು ಆಮೇಲೆ. ಮೊದಲು ಮುಂದಿನ ಕಾಲು ನೆಲಕ್ಕೆ ಊರುತ್ತದೆ, ಸೊಂಟ ತಿರುಗುತ್ತದೆ, ಎದೆ ಹಿಂಬಾಲಿಸುತ್ತದೆ. ಕೈಗಳ ಸರದಿ ಕೊನೆಗೆ. ಚಾಟಿ ಬೀಸಿದಾಗ ಹಿಡಿಯ ವೇಗ ತುದಿಗೆ ಹರಿಯುವ ಹಾಗೆ ಶಕ್ತಿ ಕಾಲಿನಿಂದ ಬ್ಯಾಟಿಗೆ ಹರಿಯುತ್ತದೆ. ಸೊಂಟ ತಿರುಗುತ್ತಿರುವಾಗಲೇ ಬಲ ಮೊಣಕೈ ಪಕ್ಕೆಲುಬಿನ ಹತ್ತಿರಕ್ಕೆ ಇಳಿಯುತ್ತದೆ. ಚೆಂಡು ತಗುಲುವ ಹೊತ್ತಿಗೆ ಅದು ಇನ್ನೂ ಮಡಚಿಕೊಂಡೇ ಇರಬೇಕು. ಬಲ ಅಂಗೈ ಆಕಾಶ ನೋಡುತ್ತದೆ, ಎಡ ಅಂಗೈ ನೆಲ ನೋಡುತ್ತದೆ. ಎರಡೂ ತೋಳು ಪೂರ್ತಿ ಚಾಚಿಕೊಳ್ಳುವುದು ಚೆಂಡು ಹೋದ ಮೇಲೆಯೇ. ತುಂಬಾ ಎತ್ತಿಟ್ಟ ಮೊಣಕೈ ಅಷ್ಟು ದೂರದಿಂದ ಇಳಿದು ಬರಬೇಕು. ಆ ಅವಸರದಲ್ಲಿ ಬಲ ಭುಜವೂ ಜೊತೆಗೇ ಕುಸಿದರೆ ಚೆಂಡು ಸುಮ್ನೆ ಮೇಲಕ್ಕೆ ಹಾರಿ ಯಾರದೋ ಗ್ಲೌಸಿಗೆ ಬೀಳುತ್ತದೆ.

ಇಷ್ಟನ್ನೂ ಮಗುವಿಗೆ ಹೇಳಿಬಿಟ್ಟರೆ ಸರಿಹೋಗುತ್ತದೆ ಅಂದುಕೊಂಡಿದ್ದೆ. ಸರಿಹೋಗಲಿಲ್ಲ. ಮೊಣಕೈ ಬಗ್ಗೆ ಯೋಚಿಸಿದ ಕೂಡಲೇ ಅವಳ ಇಡೀ ಮೈ ಮರಗಟ್ಟುತ್ತಿತ್ತು. ಗೇಬ್ರಿಯೇಲ್ ವುಲ್ಫ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು 1998ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಹಿಮದ ಮೇಲೆ ಜಾರುವ ಸ್ಕೀ ಆಟದ ಅಭ್ಯಾಸದ ಯಂತ್ರದ ಮೇಲೆ ಕೆಲವರಿಗೆ ತಮ್ಮ ಪಾದದ ಮೇಲೆ ಗಮನ ಇಡಲು ಹೇಳಿದರು. ಇನ್ನು ಕೆಲವರಿಗೆ ಪಾದದ ಕೆಳಗಿನ ಚಕ್ರಗಳ ಮೇಲೆ. ಎರಡನೆಯವರು ಚೆನ್ನಾಗಿ ಕಲಿತರು. ಆಮೇಲೆ ಬೇರೆ ಬೇರೆ ಆಟಗಳಲ್ಲೂ ಇಂಥದ್ದೇ ಫಲಿತಾಂಶ ಮತ್ತೆ ಮತ್ತೆ ಸಿಕ್ಕಿದೆ. ಸ್ವಂತ ಅಂಗದ ಮೇಲಿನ ಗಮನ ಚಲನೆಯನ್ನು ಬಿಗಿ ಮಾಡುತ್ತದೆ. ಗಮನ ಹೊರಗಿದ್ದರೆ ಮೈ ತಾನೇ ದಾರಿ ಹುಡುಕಿಕೊಳ್ಳುತ್ತದೆ.

ಅದಕ್ಕೇ ಇಲ್ಲಿನ ಕೋಚ್‌ಗಳು ಮಾಡಿಸುವ ಬೇಲಿಯ ಅಭ್ಯಾಸ ನನಗೆ ಬಹಳ ಇಷ್ಟ. ಮಗು ತಂತಿಬೇಲಿಗೆ ಎದುರಾಗಿ ನಿಲ್ಲಬೇಕು. ಬ್ಯಾಟಿನ ಬುಡವನ್ನು ಹೊಕ್ಕುಳಿಗೆ ಒತ್ತಿ ಹಿಡಿದರೆ ತುದಿ ಬೇಲಿಗೆ ತಾಗಬೇಕು, ಅಷ್ಟು ದೂರ. ಈಗ ಮೈಯನ್ನು ಪಕ್ಕಕ್ಕೆ ಮಾಡಿ ನಿಂತು, ಬೇಲಿಗೆ ತಾಗದಂತೆ ನಿಧಾನಕ್ಕೆ ಬೀಸಬೇಕು. ಕೈ ಬೇಗ ಚಾಚಿದರೆ ತಂತಿ ಝಲ್ ಅನ್ನುತ್ತದೆ. ಮೊಣಕೈ ಅನ್ನುವ ಮಾತೇ ಬೇಡ. ಮಗಳು ಮೊದಲ ದಿನ ಹತ್ತರಲ್ಲಿ ಎಂಟು ಸಲ ತಂತಿ ಬಾರಿಸಿದಳು. ಆಮೇಲೆ ತಾನಾಗಿಯೇ ಕೈಯನ್ನು ಎದೆಯ ಹತ್ತಿರ ತಂದುಕೊಂಡಳು. ಸೊಂಟ ತಿರುಗದೆ ಬೇರೆ ದಾರಿ ಇರಲಿಲ್ಲ, ತಿರುಗಿತು.

ಬ್ಯಾಟಿನ ತೂಕವನ್ನೂ ನೋಡಿ. ಒಂದೇ ಕೈಯಲ್ಲಿ ಬ್ಯಾಟು ಹಿಡಿದು ಪಕ್ಕಕ್ಕೆ ನೇರವಾಗಿ ಚಾಚಲು ಹೇಳಿ. ಇಪ್ಪತ್ತು ಎಣಿಸುವುದರೊಳಗೆ ತೋಳು ನಡುಗಿ ಇಳಿದರೆ ಬ್ಯಾಟು ಭಾರ ಜಾಸ್ತಿ. "ಮುಂದಿನ ವರ್ಷಕ್ಕೂ ಆಗಲಿ" ಅಂತ ದೊಡ್ಡದು ಕೊಡಿಸುವುದು ನಮ್ಮವರ ಅಭ್ಯಾಸ, ಚಪ್ಪಲಿಗೆ ಅದು ನಡೆಯುತ್ತದೆ, ಬ್ಯಾಟಿಗೆ ನಡೆಯುವುದಿಲ್ಲ. ಸುಸ್ತಾದ ತೋಳಿನಿಂದ ಬೀಸಿದ್ದೂ ಕಲಿಕೆಯಾಗಿ ಕೂತುಬಿಡುತ್ತದೆ. ಅದಕ್ಕೇ ಈಗ ಬೇಲಿಯ ಹತ್ತಿರ ಇಪ್ಪತ್ತೈದು ಸಲ, ಕಂಬದ ಮೇಲೆ ಚೆಂಡಿಟ್ಟು ಇಪ್ಪತ್ತೈದು ಸಲ ಬೀಸುತ್ತಾಳೆ. ನಡುವೆ ತಂತಿ ಮತ್ತೆ ಮತ್ತೆ ಝಲ್ ಅನ್ನತೊಡಗಿದರೆ ಬ್ಯಾಟನ್ನು ಚೀಲಕ್ಕೆ ಹಾಕಿ ಮನೆಗೆ ಹೊರಡುತ್ತೇವೆ.