ಗ್ರೀಕ್ ಪುರಾಣದ ‘ಒರಿಜಿನಲ್’ ಪುಸ್ತಕ ಯಾವುದು?

ಪ್ರಶ್ನೆ: ಗ್ರೀಕ್ ಪುರಾಣ ಓದಬೇಕು ಅಂತ ತುಂಬಾ ದಿನದ ಆಸೆ. ಆದರೆ ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಕಥೆ ಇದೆ. ಟ್ರಾಯ್ ಕುದುರೆಗೋಸ್ಕರ ಇಲಿಯಡ್ ಪೂರ್ತಿ ಓದಿದೆ, ಕುದುರೆ ಬರಲೇ ಇಲ್ಲ! ರಾಮಾಯಣಕ್ಕೆ ವಾಲ್ಮೀಕಿ ಇದ್ದ ಹಾಗೆ ಇದಕ್ಕೆ ಮೂಲ ಗ್ರಂಥ ಯಾವುದು?

ಉತ್ತರ: ಅಂಥದ್ದೊಂದು ಗ್ರಂಥವೇ ಇಲ್ಲ. ಇಲ್ಲದ್ದೇ ಒಳ್ಳೆಯದಾಯಿತು ಅಂತ ನನ್ನ ಅಭಿಪ್ರಾಯ.

ಮೊದಲು ನಿಮ್ಮ ಕುದುರೆ ವಿಷಯ, ಅಂದರೆ ಗ್ರೀಕರು ಒಳಗೆ ಅಡಗಿ ಕೂತು ಟ್ರಾಯ್ ನಗರ ಹೊಕ್ಕ ಮರದ ಕುದುರೆ. ಇಲಿಯಡ್ ಶುರುವಾಗುವುದೇ ಯುದ್ಧದ ಹತ್ತನೇ ವರ್ಷದಲ್ಲಿ, ಗ್ರೀಕ್ ವೀರ ಅಕಿಲಿಸ್‌ನ ಸಿಟ್ಟಿನಿಂದ. ಮುಗಿಯುವುದು ಟ್ರಾಯ್ ರಾಜಕುಮಾರ ಹೆಕ್ಟರ್‌ನ ಅಂತ್ಯಸಂಸ್ಕಾರಕ್ಕೆ. 24 ಭಾಗಗಳ ಅಷ್ಟು ದೊಡ್ಡ ಕಾವ್ಯದಲ್ಲಿ ನಡೆಯುವುದು ಸುಮಾರು ಐವತ್ತು ದಿನದ ಕಥೆ. ಟ್ರಾಯ್ ಬೀಳುವುದಿಲ್ಲ, ಅಕಿಲಿಸ್ ಸಾಯುವುದೂ ಇಲ್ಲ. ಕುದುರೆಯ ಮಾತು ಇಲಿಯಡ್‌ನ ಕವಿ ಹೋಮರನದೇ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ ಬರುತ್ತದೆ, ಅದೂ ಅಲ್ಲಲ್ಲಿ ಹಳೆಯ ನೆನಪಾಗಿ, ಹಾಡುಗಾರನೊಬ್ಬನ ಹಾಡಾಗಿ. ನಮಗೆಲ್ಲ ಗೊತ್ತಿರುವಷ್ಟು ವಿವರವಾಗಿ ಅದನ್ನು ಹೇಳಿದವನು ರೋಮಿನ ಕವಿ ವರ್ಜಿಲ್, ಹೋಮರನಿಗಿಂತ ನೂರಾರು ವರ್ಷ ಆಮೇಲೆ. ಹೇಳಿಸಿದ್ದು ಯಾರ ಬಾಯಲ್ಲಿ ಗೊತ್ತಾ? ಸೋತು ಟ್ರಾಯ್ ಬಿಟ್ಟು ಓಡಿದ ಈನಿಯಸ್‌ನ ಬಾಯಲ್ಲಿ. ಗೆದ್ದವರಿಗೆ ಜಾಣತನವಾಗಿದ್ದದ್ದು ಅಲ್ಲಿ ಬರೀ ಮೋಸ.

ಅಕಿಲಿಸ್‌ನ ಹಿಮ್ಮಡಿಯದೂ ಇದೇ ಕಥೆ. ತಾಯಿ ಅವನನ್ನು ಹಿಮ್ಮಡಿ ಹಿಡಿದು ನದಿಯಲ್ಲಿ ಅದ್ದಿದಳು, ಉಳಿದ ಮೈಗೆ ಗಾಯವೇ ಆಗದು ಅಂತೀವಲ್ಲ, ಅದು ಹೋಮರನಲ್ಲಿ ಇಲ್ಲ. ಅಲ್ಲಿ ಅಕಿಲಿಸ್‌ನ ತೋಳಿಗೆ ಈಟಿ ತಾಗಿ ರಕ್ತ ಬರುತ್ತದೆ. ನದಿಯಲ್ಲಿ ಅದ್ದಿದ ಕಥೆ ನಮಗೆ ಮೊದಲು ಸಿಗುವುದು ಕ್ರಿ.ಶ. 1ನೇ ಶತಮಾನದ ಸ್ಟೇಷಿಯಸ್ ಎಂಬ ರೋಮನ್ ಕವಿಯಲ್ಲಿ.

ಹೀಗೇಕೆ? ಕಥೆಗಳು ಊರೂರಿಗೆ ಬೇರೆ ಬೇರೆಯಾಗಿದ್ದವು. ‘ಇದೇ ಸರಿ, ಉಳಿದದ್ದು ತಪ್ಪು’ ಅಂತ ಪಟ್ಟು ಹಿಡಿಯುವ ಒಂದು ಧರ್ಮಗ್ರಂಥ ಇರಲಿಲ್ಲ. ಅಥೆನ್ಸ್‌ನಲ್ಲಿ ಡಯೊನೈಸಸ್ ದೇವರ ಹಬ್ಬಕ್ಕೆ ವರ್ಷ ವರ್ಷ ನಾಟಕ ಸ್ಪರ್ಧೆ ನಡೆಯುತ್ತಿತ್ತು. ಕಥೆ ಪ್ರೇಕ್ಷಕರಿಗೆ ಮೊದಲೇ ಗೊತ್ತು. ಗೊತ್ತಿರುವ ಪ್ರಸಂಗಕ್ಕೇ ನಮ್ಮ ಕಡೆ ಜನ ರಾತ್ರಿಯಿಡೀ ಯಕ್ಷಗಾನ ನೋಡುತ್ತಾ ಕೂರುವುದಿಲ್ವಾ, ಹಾಗೆ. ಈ ಸಲ ಕವಿ ಏನು ಮಾಡಿದ್ದಾನೆ ಅನ್ನುವುದೇ ಕುತೂಹಲ.

ಮಾಡಿದ್ದೂ ಸಣ್ಣಪುಟ್ಟದ್ದಲ್ಲ. ತಿಳಿಯದೆ ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾದ ಈಡಿಪಸ್‌ನನ್ನೇ ನೋಡಿ. ಒಡಿಸ್ಸಿಯಲ್ಲಿ ಅವನ ಪ್ರಸ್ತಾಪ ಕೆಲವೇ ಸಾಲು. ಸತ್ಯ ಗೊತ್ತಾದಾಗ ತಾಯಿ ನೇಣು ಹಾಕಿಕೊಳ್ಳುತ್ತಾಳೆ, ಅವನು ನೋವು ನುಂಗಿಕೊಂಡು ಥೀಬ್ಸ್‌ನಲ್ಲಿ ರಾಜನಾಗಿಯೇ ಇರುತ್ತಾನೆ! ತನ್ನ ಕಣ್ಣು ತಾನೇ ಚುಚ್ಚಿಕೊಂಡು ರಕ್ತ ಸುರಿಸುತ್ತಾ ಹೊರಗೆ ಬರುವ ಈಡಿಪಸ್ ನಮ್ಮ ಮನಸ್ಸಿನಲ್ಲಿ ಕೂತದ್ದು ಅಥೆನ್ಸ್‌ನ ನಾಟಕಕಾರ ಸೋಫೋಕ್ಲಿಸ್‌ನ ನಾಟಕದಿಂದ.

ಮೆಡಿಯಾಳ ಮಕ್ಕಳನ್ನು ಕೊಂದವರು ಕೊರಿಂಥ್ ಊರಿನ ಜನ ಅಂತ ಒಂದು ಕಥೆ ಇತ್ತು. ಕ್ರಿ.ಪೂ. 431ರಲ್ಲಿ ಯೂರಿಪಿಡೀಸ್ ಆಡಿಸಿದ ನಾಟಕದಲ್ಲಿ ತಾಯಿಯೇ ಕೊಲ್ಲುತ್ತಾಳೆ. ಗಂಡ ಇನ್ನೊಂದು ಮದುವೆಯಾಗಿದ್ದಾನೆ, ಅವನ ಮೇಲಿನ ಸೇಡಿಗೆ. ಆ ವರ್ಷ ಮೂವರ ಸ್ಪರ್ಧೆಯಲ್ಲಿ ಅವನಿಗೆ ಸಿಕ್ಕಿದ್ದು ಮೂರನೇ ಸ್ಥಾನ. ಇವತ್ತು ಮೆಡಿಯಾ ಅಂದರೆ ಆ ನಾಟಕದ ಮೆಡಿಯಾಳೇ. ಅದೇ ಯೂರಿಪಿಡೀಸ್ ಇನ್ನೊಂದು ನಾಟಕದಲ್ಲಿ, ಟ್ರಾಯ್‌ಗೆ ಹೋದದ್ದು ಯಾರಿಗಾಗಿ ಯುದ್ಧ ನಡೆಯಿತೋ ಆ ಹೆಲೆನ್ ಅಲ್ಲವೇ ಅಲ್ಲ, ಅವಳ ನೆರಳು. ನಿಜವಾದ ಹೆಲೆನ್ ಈಜಿಪ್ಟ್‌ನಲ್ಲಿದ್ದಳು ಅಂತಾನೆ. ಮಾಯಾಸೀತೆಯ ಕಥೆ ಕೇಳಿದವರಿಗೆ ಇದು ಹೊಸದೆನಿಸದು. ಆದರೆ ಯೂರಿಪಿಡೀಸ್‌ನ ಏಟು ಬೇರೆ ಕಡೆಗೆ: ಹತ್ತು ವರ್ಷ ಅಷ್ಟು ಜನ ಸತ್ತದ್ದು ಬರೀ ಒಂದು ನೆರಳಿಗೆ.

ಮುಂದಿನವರಿಗೆ ಇದೇ ದಾರಿಯಾಯಿತು. ಹೋಮರನ ಒಡಿಸ್ಸಿಯ ನಾಯಕ ಒಡಿಸ್ಯೂಸ್ ಹೇಗಾದರೂ ಮನೆ ಸೇರಬೇಕು ಅಂತ ಹಾತೊರೆಯುವವನು. 14ನೇ ಶತಮಾನದ ಇಟಲಿಯ ಕವಿ ಡಾಂಟೆಯ ಕಾವ್ಯದಲ್ಲಿ ಅವನು ಮನೆಗೆ ಹೋಗುವುದೇ ಇಲ್ಲ. ಜಗತ್ತು ನೋಡುವ ಹುಚ್ಚಿಗೆ ಗೆಳೆಯರನ್ನು ಕಟ್ಟಿಕೊಂಡು ಕಡಲಾಚೆ ಹೊರಟು ಮುಳುಗಿ, ಈಗ ನರಕದ ಬೆಂಕಿಯಲ್ಲಿದ್ದಾನೆ. ತಮಾಷೆ ಅಂದರೆ ಡಾಂಟೆಗೆ ಗ್ರೀಕ್ ಬರುತ್ತಿರಲಿಲ್ಲ, ಒಡಿಸ್ಸಿಯನ್ನು ಅವನು ಓದಿರಲೂ ಇಲ್ಲ. 1922ರಲ್ಲಿ ‘ಯುಲಿಸಿಸ್’ ಕಾದಂಬರಿಯಲ್ಲಿ ಜೇಮ್ಸ್ ಜಾಯ್ಸ್ ಅದೇ ಅಲೆದಾಟವನ್ನು ಡಬ್ಲಿನ್ ನಗರದ ಒಂದೇ ದಿನಕ್ಕೆ ಇಳಿಸಿದ. ಅಲ್ಲಿನ ಒಡಿಸ್ಯೂಸ್ ಪತ್ರಿಕೆಗೆ ಜಾಹೀರಾತು ಹಿಡಿಯುವ ಒಬ್ಬ ಸಾಮಾನ್ಯ ಮನುಷ್ಯ.

ಕನ್ನಡಕ್ಕೂ ಈ ಗಾಳಿ ಬೀಸಿದೆ. ಅಕಿಲಿಸ್ ಸತ್ತ ಮೇಲೆ ಅವನ ಆಯುಧಗಳು ತನಗೆ ಸಿಗಲಿಲ್ಲ ಅಂತ ಏಜಾಕ್ಸ್ ಎಂಬ ಇನ್ನೊಬ್ಬ ಗ್ರೀಕ್ ವೀರ ಕೆರಳುತ್ತಾನೆ. ಹುಚ್ಚು ಹಿಡಿದು, ಶತ್ರುಗಳೆಂದುಕೊಂಡು ರಾತ್ರಿ ದನಕುರಿಗಳನ್ನು ಕಡಿಯುತ್ತಾನೆ. ಬುದ್ಧಿ ತಿಳಿಯಾದಾಗ ನಾಚಿಕೆ ತಾಳದೆ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ಸೋಫೋಕ್ಲಿಸ್‌ನ ಈ ನಾಟಕವನ್ನು ಬಿ.ಎಂ. ಶ್ರೀ ಸುಮ್ನೆ ಅನುವಾದ ಮಾಡಲಿಲ್ಲ. ಇರುಳಲ್ಲಿ ಪಾಂಡವರ ಪಾಳೆಯಕ್ಕೆ ನುಗ್ಗಿದ ನಮ್ಮ ಅಶ್ವತ್ಥಾಮನಲ್ಲಿ ಏಜಾಕ್ಸ್‌ನನ್ನು ಕಂಡರು. 1929ರ ‘ಅಶ್ವತ್ಥಾಮನ್’ ನಾಟಕದಲ್ಲಿ ನಮ್ಮ ಚಿರಂಜೀವಿ ಸಾಯುತ್ತಾನೆ. ಎಷ್ಟು ಧೈರ್ಯ ಬೇಕು, ಯೋಚಿಸಿ. ಮುಂದೆ ಲಂಕೇಶರು ಈಡಿಪಸ್, ಅಂತಿಗೊನೆ ನಾಟಕಗಳನ್ನು ಕನ್ನಡಕ್ಕೆ ತಂದರು. ಅವುಗಳ ಕಥೆ, ಪಾತ್ರ ಮಾತ್ರ ಗ್ರೀಸ್‌ನಲ್ಲೇ ಉಳಿದವು.

ಹಾಗಾದರೆ ನೀವು ಮುಂದೆ ಏನು ಓದಬೇಕು? ದೇವತೆಗಳ ವಂಶಾವಳಿ ಬೇಕಿದ್ದರೆ ಹೆಸಿಯಡ್‌ನ ಥಿಯಾಗನಿ ಇದೆ, ಚಿಕ್ಕದು. ಕಥೆಗಳ ರಾಶಿಯೇ ಬೇಕಿದ್ದರೆ ಓವಿಡ್‌ನ ಮೆಟಮಾರ್ಫಸಿಸ್. ಷೇಕ್ಸ್‌ಪಿಯರ್ ಮತ್ತೆ ಮತ್ತೆ ಕೈ ಹಾಕಿದ ಬುಟ್ಟಿ ಅದು. ಆದರೆ ನನ್ನ ಕೇಳಿದರೆ ಮೊದಲು ಒಡಿಸ್ಸಿ ಹಿಡಿಯಿರಿ. ಮೊದಲ ನಾಲ್ಕು ಭಾಗದಲ್ಲಿ ನಾಯಕ ಕಾಣಿಸುವುದೇ ಇಲ್ಲ, ಬರೀ ಅವನ ಮಗ ಓಡಾಡುತ್ತಿರುತ್ತಾನೆ. ಬೇಸರ ಬಂದರೆ ಸೀದಾ ಒಂಬತ್ತನೇ ಭಾಗಕ್ಕೆ ಹೋಗಿ. ಅಲ್ಲಿ ಒಕ್ಕಣ್ಣಿನ ರಾಕ್ಷಸ ಕಾಯುತ್ತಿದ್ದಾನೆ. ಕುದುರೆ ಬೇಕಾ? ಒಂದೇ ಭಾಗ ಹಿಂದಕ್ಕೆ, ಎಂಟನೆಯದರ ಕೊನೆಗೆ ಬನ್ನಿ.