ಸೊಟ್ಟಗಾದರೂ ಬೀಳದ ಮನೆ

ಪ್ರಶ್ನೆ: ಇಂಗ್ಲೆಂಡಿನ ಲಿಟಲ್ ಮೋರ್ಟನ್ ಹಾಲ್‌ನ ಚಿತ್ರ ನೋಡಿದರೆ ಭಯವಾಗುತ್ತದೆ. ಗೋಡೆಗಳು ಉಬ್ಬಿವೆ, ನೆಲ ಏರುಪೇರಾಗಿದೆ. ಆದರೂ ಆ ಮನೆ ಬೀಳದೆ ನಿಂತಿರುವುದು ಹೇಗೆ?

ಉತ್ತರ: ಅಲ್ಲಿ ಭಾರ ಹೊರುತ್ತಿರುವುದು ಗೋಡೆಯಲ್ಲ, ಮರ. ಚೆಷೈರ್‌ನ ಕಾಂಗಲ್ಟನ್ ಪಟ್ಟಣದ ಸಮೀಪ, ನೀರು ತುಂಬಿದ ಕಂದಕದ ನಡುವೆ ಇರುವ ಈ ಮನೆಯನ್ನು ಮೋರ್ಟನ್ ಮನೆತನದವರು 1504ರ ಆಸುಪಾಸಿನಲ್ಲಿ ಆರಂಭಿಸಿ, ನೂರು ವರ್ಷಗಳ ಕಾಲ ಸ್ವಲ್ಪ ಸ್ವಲ್ಪವಾಗಿ ಬೆಳೆಸಿದರು. ಕಲ್ಲಿನ ಅಡಿಪಾಯದ ಮೇಲೆ ಓಕ್ ಮರದ ಕಂಬ, ತೊಲೆಗಳ ಹಂದರ ನಿಂತಿದೆ. ನಡುವಿನ ಗಾರೆ, ಇಟ್ಟಿಗೆಗಳು ಖಾಲಿ ಜಾಗ ಮುಚ್ಚಲು ಮಾತ್ರ.

ಆ ಕಾಲದ ಬಡಗಿಗಳು ಓಕ್ ಮರವನ್ನು ಹಸಿಯಾಗಿರುವಾಗಲೇ ಕೆತ್ತುತ್ತಿದ್ದರು. ಒಣಗಿದ ಓಕ್ ಉಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಒಂದು ತೊಲೆಯ ತುದಿಯನ್ನು ನಾಲಿಗೆಯಂತೆ ಕೆತ್ತಿ, ಇನ್ನೊಂದರ ತೂತಿಗೆ ಕೂರಿಸಿ, ಅಡ್ಡಲಾಗಿ ಮರದ ಗೂಟ ಬಡಿಯುತ್ತಿದ್ದರು. ಹಸಿ ಮರ ವರ್ಷಗಟ್ಟಲೆ ಒಣಗುತ್ತಾ ಅಗಲದಲ್ಲಿ ಕುಗ್ಗುತ್ತದೆ, ತಿರುಚಿಕೊಳ್ಳುತ್ತದೆ. ಉದ್ದದಲ್ಲಿ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಹಂದರ ಸೊಟ್ಟಗಾದರೂ ಗೂಟ ಹಾಕಿದ ಸಂದುಗಳು ಒಂದನ್ನೊಂದು ಬಿಡುವುದಿಲ್ಲ. ಕಟ್ಟಡ ಒಟ್ಟಾಗಿ ಬಾಗುತ್ತದೆ. ಕಲ್ಲಿನ ಗೋಡೆ ಇಷ್ಟು ಬಾಗಿದ್ದರೆ ಎಂದೋ ಬಿರುಕು ಬಿಡುತ್ತಿತ್ತು.

ಆದರೂ ಈ ಮನೆ ಇಷ್ಟೊಂದು ಬಾಗಲು ಇನ್ನೊಂದು ಕಾರಣವಿದೆ. ದಕ್ಷಿಣದ ಸಾಲಿನ ಮೂರನೆಯ ಅಂತಸ್ತಿನಲ್ಲಿ 68 ಅಡಿ ಉದ್ದದ, ಸುತ್ತಲೂ ಗಾಜಿನ ಕಿಟಕಿಗಳಿರುವ ಪಡಸಾಲೆಯಿದೆ. ಕಟ್ಟುವ ಕೆಲಸ ಬಹುಪಾಲು ಮುಗಿದ ಮೇಲೆ ಅದನ್ನು ಸೇರಿಸಿರಬಹುದು. ಅದರ ನೆತ್ತಿಯ ಮೇಲೆ ಹೆಂಚಿಲ್ಲ, ಭಾರವಾದ ಮರಳುಗಲ್ಲಿನ ಚಪ್ಪಡಿಗಳಿವೆ. ಆ ಹೊರೆಗೆ ಕೆಳಗಿನ ಅಂತಸ್ತುಗಳು ಹೊರಕ್ಕೆ ಉಬ್ಬಿವೆ. ಮಳೆ ಬರುವ ದಿನಗಳಲ್ಲಿ ಮನೆಯವರು ಅಡ್ಡಾಡಲು, ಆಡಲು ಬಳಸುತ್ತಿದ್ದ ಜಾಗ ಅದು. ಹದಿನೇಳನೆಯ ಶತಮಾನದ ಆರಂಭದ ನಾಲ್ಕು ಟೆನಿಸ್ ಚೆಂಡುಗಳು ಅಲ್ಲಿನ ಮರದ ಹಲಗೆಗಳ ಹಿಂದೆ ಸಿಕ್ಕಿವೆ! ಇಡೀ ಮನೆಯಲ್ಲಿ ನನಗೆ ತುಂಬ ಇಷ್ಟವಾಗುವ ಸಂಗತಿ ಇದೇ.

ಹಾಗೆಂದು ಎಲ್ಲವನ್ನೂ ಮರದ ಪಾಲಿಗೇ ಬರೆಯುವುದು ಸರಿಯಲ್ಲ. ಪಡಸಾಲೆ ಕುಸಿಯದಂತೆ ನಂತರದ ಕಾಲದಲ್ಲಿ ಉಕ್ಕಿನ ಸರಳುಗಳನ್ನು ಹಾಕಿದ್ದಾರೆ. 1938ರಿಂದ ಮನೆಯ ಪಾಲನೆ, ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯದು.

ಹೋಗಿ ನೋಡುವ ಅವಕಾಶ ಸಿಕ್ಕರೆ ಅಂಗಳದಲ್ಲಿ ನಿಂತು ತಲೆ ಎತ್ತಿ. ಮುಂದಕ್ಕೆ ಚಾಚಿದ ಎರಡು ದೊಡ್ಡ ಕಿಟಕಿಗಳ ಸೂರುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದಿರುತ್ತವೆ. ಅವುಗಳ ಮೇಲೆ ಕೆತ್ತಿದ ಬರಹದಲ್ಲಿ ಯಜಮಾನ ವಿಲಿಯಂ ಮೋರ್ಟನ್ ಹೆಸರಿದೆ, 1559 ಎಂಬ ವರ್ಷವಿದೆ. ಪಕ್ಕದಲ್ಲೇ, ದೇವರ ಕೃಪೆಯಿಂದ ಈ ಕಿಟಕಿಗಳನ್ನು ಮಾಡಿದವನು ಬಡಗಿ ರಿಚರ್ಡ್ ಡೇಲ್ ಎಂದೂ ಕೆತ್ತಿದೆ.